ಬ್ಯಾಡಗಿ ಕಾಯಿಗೆ ಬಂದ ಖಾರ

ನನ್ನ ಎಚ್‌ಪಿಎಲ್‌ಸಿ ಲೆಕ್ಕದ ಪ್ರಕಾರ ಬ್ಯಾಡಗಿ ಕಡ್ಡಿ ಮೆಣಸಿನಕಾಯಿಯ ಖಾರ, ಹಿಂದಿನವರು ಬರೆದಿಟ್ಟ ಅಂಕಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ನಾನು ಹಿಗ್ಗಿದೆ. ಹಿಗ್ಗದೇ ಇದ್ದವರು ನಮ್ಮ ಲ್ಯಾಬಿನ ಅಟೆಂಡರ್. ಅವರ ಊರು ಬ್ಯಾಡಗಿಯ ಮಗ್ಗಲಿಗೇ. "ಬ್ಯಾಡಗಿ ಕಾಯಿ ಅಂದ್ರ ಬಣ್ಣರೀ ಸರ್. ಅಷ್ಟು ಖಾರ ಇದ್ದಿದ್ರ ನಮ್ಮವ್ವ ಹಿಡಿಗಟ್ಟಲೆ ಹಾಕಿ ಖಾರಪುಡಿ ಕುಟ್ಟತಿದ್ಲೇನ್ರೀ?" ಅಂದರು. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಕಾಯಿಗೆ ಹೆಸರು ಬಂದದ್ದೇ ಕಡಿಮೆ ಖಾರ, ಕಡುಗೆಂಪು ಬಣ್ಣದಿಂದ. ಅವರ ಮಾತಿಗೆ ನಕ್ಕು ಸುಮ್ಮನಾದೆ.

ತಪ್ಪು ಆಗಿದ್ದು ಯಂತ್ರದಲ್ಲಲ್ಲ, ಖರೀದಿಯಲ್ಲಿ. ಧಾರವಾಡದಲ್ಲಿ ಆಗ ನನ್ನದೊಂದು ಸಣ್ಣ ಪ್ರಾಜೆಕ್ಟ್. ದುಡ್ಡು ಬಂದದ್ದು ಫೆಬ್ರುವರಿಯಲ್ಲಿ, ಮಾರ್ಚ್ 31ರೊಳಗೆ ಖರ್ಚಾಗಬೇಕು. ಕಾಯಿಯ ಖಾರವನ್ನು ಹೋಲಿಸಿ ಅಳೆಯಲು ಬೇಕಾದ ಸ್ಟ್ಯಾಂಡರ್ಡಿಗೆ, ಅಂದರೆ ಖಾರದ ಅಂಶವಾದ ಕ್ಯಾಪ್ಸೈಸಿನ್‌ಗೆ, ಮೂರು ಕೊಟೇಶನ್ ತರಿಸಿ, ಕಡಿಮೆ ದರದವರಿಗೆ ಆರ್ಡರ್ ಕೊಟ್ಟೆವು. ಮೂರರಲ್ಲೂ ಬರೆದದ್ದು 'ಕ್ಯಾಪ್ಸೈಸಿನ್' ಎಂದೇ. ಆದರೆ ಒಂದು ಶೇ. 95ಕ್ಕೂ ಮೇಲಿನ ಶುದ್ಧತೆಯದು, ನಾವು ತಂದದ್ದು ಮೆಣಸಿನಕಾಯಿಯಿಂದಲೇ ತೆಗೆದ ಮಿಶ್ರಣ: ಸುಮಾರು ಶೇ. 65 ಕ್ಯಾಪ್ಸೈಸಿನ್, ಉಳಿದದ್ದರಲ್ಲಿ ಬಹುಪಾಲು ಅದರ ತಮ್ಮನಂಥ ಡೈಹೈಡ್ರೋಕ್ಯಾಪ್ಸೈಸಿನ್. ಕ್ಯಾಟಲಾಗಿನ ಸಣ್ಣಕ್ಷರದಲ್ಲಿ ಅದು ಇತ್ತು. ಓದುವಷ್ಟು ಪುರಸೊತ್ತು ಮಾರ್ಚ್ ತಿಂಗಳಲ್ಲಿ ಯಾರಿಗಿರುತ್ತದೆ?

ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ತೂಕ ಮಾಡಿದ್ದು ನೆನಪಿದೆ. ಬಿಳಿ ಪುಡಿ, ವಾಸನೆ ಇಲ್ಲ. ಆದರೆ ಚಮಚದ ತುದಿಯಿಂದ ಒಂದು ಕಣ ಹಾರಿದರೂ ಸಾಕು, ಗಂಟಲು ಕೆರೆದು ಇಡೀ ಕೋಣೆ ಕೆಮ್ಮುತ್ತದೆ. 10 ಮಿಲಿಗ್ರಾಂ ತೂಗಿ 10 ಮಿಲಿಲೀಟರ್ ಮೆಥನಾಲಿನಲ್ಲಿ ಕರಗಿಸಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದು ಬರೆದುಕೊಂಡೆ. ನಿಜಕ್ಕೂ ಇದ್ದದ್ದು 0.65. ಒಂದನ್ನು 0.65ರಿಂದ ಭಾಗಿಸಿದರೆ 1.54. ಬ್ಯಾಡಗಿ ಕಾಯಿಗೆ ಖಾರ ಏರಿದ್ದು ಅಲ್ಲಿಂದ!

ಸುಳಿವು ಕಣ್ಣೆದುರೇ ಇತ್ತು. ಬರೀ ಸ್ಟ್ಯಾಂಡರ್ಡ್ ಹಾಕಿದಾಗಲೂ 280 ನ್ಯಾನೋಮೀಟರಿನಲ್ಲಿ ಎತ್ತರದ ಪೀಕ್, ಅದರ ಬೆನ್ನಿಗೇ ಇನ್ನೊಂದು ಗಿಡ್ಡದು. ನಾನು ಸಾಲ್ವೆಂಟನ್ನು ದೂರಿದೆ. ಮೆಥನಾಲ್ ಬಾಟ್ಲಿ ಬದಲಿಸಿದೆ, ಅರ್ಧ ದಿನ ಕಾಲಂ ತೊಳೆದೆ. ಹಿಂದೊಮ್ಮೆ ಎಲ್‌ಆರ್ ದರ್ಜೆಯ ಮೆಥನಾಲ್ ಬಳಸಿ ಬೇಸ್‌ಲೈನ್ ಕೆಡಿಸಿಕೊಂಡಿದ್ದೆ, ಹಾಗಾಗಿ ಸಂಶಯವೆಲ್ಲ ಅತ್ತ ಹೋಯಿತು. ಆರು ವಾರ ಕಳೆದ ಮೇಲೆ, ಅಟೆಂಡರ್ ಮಾತು ಕೊರೆಯುತ್ತಿದ್ದರಿಂದ, ಡೀಲರಿಗೆ ಫೋನ್ ಮಾಡಿ ಆ ಲಾಟಿನ ಸರ್ಟಿಫಿಕೇಟ್ ತರಿಸಿದೆ. ಒಂದೇ ಪುಟ. ಓದಿ ಮುಗಿಸುವಷ್ಟರಲ್ಲಿ ಮೈ ಬೆವೆತಿತ್ತು.

ಅರಿಸಿನದ ಕಥೆಯೂ ಇದೇ. ಅಗ್ಗದ ಬಾಟ್ಲಿಯ ಮೇಲೆ 'ಕರ್ಕ್ಯುಮಿನ್' ಎಂದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಮೂರು ಕರ್ಕ್ಯುಮಿನಾಯ್ಡ್‌ಗಳ ಕೂಟ. ಗುರುತು ಹಿಡಿಯಲಿಕ್ಕೆ ಅದು ಸಾಕು, ಅಳೆಯಲಿಕ್ಕೆ ಸಾಲದು.

ಆಮೇಲಿಂದ ನಾನು ಪರದೇಶದ ಕಂಪನಿಗೆ ಬರೆಯುವ ಮುಂಚೆ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಪಟ್ಟಿಯನ್ನೂ ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಪಟ್ಟಿಯನ್ನೂ ನೋಡುತ್ತೇನೆ. ಔಷಧಿ ಗಿಡಗಳ ಎಷ್ಟೋ ಸ್ಟ್ಯಾಂಡರ್ಡ್‌ಗಳು ಅಲ್ಲೇ ಸಿಗುತ್ತವೆ, ಕಸ್ಟಮ್ಸಿನ ಗೋಜಿಲ್ಲ. ಗ್ರಾಂ ಲೆಕ್ಕದ ಅಗ್ಗದ ಬಾಟ್ಲಿ ಬಿಟ್ಟು, ಶುದ್ಧತೆ ಖಚಿತವಿರುವ 10 ಮಿಲಿಗ್ರಾಮಿನ ಸೀಸೆ ತರಿಸುತ್ತೇನೆ. ಕೊಟೇಶನ್ ಕೇಳುವ ಪತ್ರದಲ್ಲೇ ಶುದ್ಧತೆ ಎಷ್ಟಿರಬೇಕೆಂದು ಬರೆದರೆ ಕಡಿಮೆ ದರದವರೂ ಅದನ್ನೇ ಕೊಡಬೇಕಾಗುತ್ತದೆ. ಇಷ್ಟು ಸಣ್ಣ ಉಪಾಯ ನನಗೆ ಮೊದಲೇ ಹೊಳೆಯಲಿಲ್ಲ.

ನೀವೂ ಈ ಮಾರ್ಚಿನಲ್ಲಿ ಆರ್ಡರ್ ಹಾಕುವವರಿದ್ದರೆ, ಡೀಲರಿಗೆ ಮೊದಲು ಒಂದು ಫೋನ್ ಮಾಡಿ: "ಮಾಲು ಆಮೇಲೆ ಕಳಸ್ರಿ, ಲಾಟ್ ನಂಬರಿನ ಸರ್ಟಿಫಿಕೇಟ್ ಇವತ್ತ ಕಳಸ್ರಿ."