ಬೆರಳ ತುದಿಯಲ್ಲಿ ಲೆಕ್ಕ

ಮಕ್ಕಳೇ, ಒಂದು ಲೆಕ್ಕ ಮಾಡೋಣ. ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಸೋಮವಾರ 786 ಚೀಲ ಭತ್ತ ಬಂತು, ಮಂಗಳವಾರ 459 ಚೀಲ ಬಂತು ಎಂದುಕೊಳ್ಳಿ. ಒಟ್ಟು ಎಷ್ಟು? ಇದೇನು ಮಹಾ ಅನ್ನುತ್ತೀರಾ? ಒಂದು ಷರತ್ತು ಇದೆ. ಕಣ್ಣು ಮುಚ್ಚಿಕೊಂಡು, ಪೆನ್ಸಿಲ್ ಮುಟ್ಟದೆ ಮಾಡಬೇಕು.

6ಕ್ಕೆ 9 ಕೂಡಿದರೆ 15. ಬಿಡಿ ಸ್ಥಾನದಲ್ಲಿ 5, ಕೈಯಲ್ಲಿ 1. ಮುಂದೆ 8, 5 ಮತ್ತು ಕೈಯಲ್ಲಿದ್ದ 1 ಸೇರಿ 14. ಅಷ್ಟರಲ್ಲಿ ಬಿಡಿ ಸ್ಥಾನದಲ್ಲಿ ಏನಿತ್ತು ಎಂಬುದೇ ಮರೆತುಹೋಗುತ್ತದೆ! ಗಮನಿಸಿ, ಕೂಡುವುದು ನಿಮಗೆ ಕಷ್ಟವಾಗಲಿಲ್ಲ. ನಡುವೆ ಬಂದ ಅಂಕಿಗಳನ್ನು ಇಟ್ಟುಕೊಳ್ಳಲು ಜಾಗ ಇರಲಿಲ್ಲ, ಅಷ್ಟೇ. ನಮಗೆ ಪಾಟಿ ಅಥವಾ ನೋಟ್ ಪುಸ್ತಕವೇ ಆ ಜಾಗ. ಕಣ್ಣು ಕಾಣದ ವಿದ್ಯಾರ್ಥಿಗೂ ಒಂದು ಪಾಟಿ ಬೇಕು. ಆದರೆ ಅದು ಬೆರಳಿಗೆ ಕಾಣುವ ಪಾಟಿಯಾಗಿರಬೇಕು.

ಬ್ರೈಲ್ ಲಿಪಿ ಇದೆಯಲ್ಲ ಎಂದು ಕೇಳುವಿರಿ. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ಆರು ಉಬ್ಬು ಚುಕ್ಕಿಗಳಿಂದ ಅಕ್ಷರ, ಅಂಕಿ ಎಲ್ಲವನ್ನೂ ಬರೆಯಬಹುದು. ಕನ್ನಡಕ್ಕೂ ಬ್ರೈಲ್ ಇದೆ. ಓದಲು ಇದು ಬಲು ಸೊಗಸು. ಆದರೆ ಕೂಡುವ ಲೆಕ್ಕಕ್ಕೆ ಒಂದು ತೊಡಕುಂಟು. ಬ್ರೈಲ್ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ, ಮೊನಚು ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು. ಚುಕ್ಕಿ ಉಬ್ಬುವುದು ಕಾಗದದ ಇನ್ನೊಂದು ಮಗ್ಗುಲಿಗೆ. ಬರೆದದ್ದನ್ನು ಮುಟ್ಟಿ ನೋಡಬೇಕೆಂದರೆ ಕಾಗದ ತೆಗೆದು ಮಗುಚಬೇಕು. ಪ್ರತಿ ದಶಕಕ್ಕೂ ಹೀಗೆ ಮಗುಚುತ್ತಾ ಕುಳಿತರೆ ಗಂಟೆ ಹೊಡೆದುಬಿಡುತ್ತದೆ.

ಈ ತೊಡಕನ್ನು ಬಿಡಿಸಿದ್ದು ಟೇಲರ್ ಫ್ರೇಮ್. 19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಎಂಬವರು ಇದನ್ನು ರೂಪಿಸಿದರು. ನಮ್ಮ ದೇಶದ ಅಂಧರ ಶಾಲೆಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಒಂದು ಹಲಗೆ, ಅದರ ತುಂಬ ಸಾಲುಸಾಲಾಗಿ ಎಂಟು ಮೂಲೆಯ ತೂತುಗಳು. ತೂತಿನಲ್ಲಿ ನಿಲ್ಲಿಸಲು ಸೀಸದಂಥ ಲೋಹದ ಸಣ್ಣ ಅಚ್ಚುಗಳು. ಅಚ್ಚಿನ ಒಂದು ತುದಿಯಲ್ಲಿ ಉಬ್ಬು ಗೆರೆ ಇರುತ್ತದೆ. ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಿ ಇಡಬಹುದು. ಗೆರೆ ಯಾವ ದಿಕ್ಕಿಗಿದೆಯೋ ಅದರಂತೆ 1ರಿಂದ 8ರವರೆಗಿನ ಅಂಕಿ. 9, 0 ಮತ್ತು ಕೂಡು, ಕಳೆ ಮುಂತಾದ ಚಿಹ್ನೆಗಳಿಗೆ? ಅಚ್ಚನ್ನು ತಲೆಕೆಳಗು ಮಾಡಿದರೆ ಇನ್ನೊಂದು ತುದಿಯಲ್ಲಿ ಎರಡು ಚುಕ್ಕಿ ಇರುತ್ತವೆ. ಅಲ್ಲಿ ಮತ್ತೆ ಎಂಟು ದಿಕ್ಕು! ಒಂದೇ ಬಗೆಯ ಅಚ್ಚಿನಿಂದ ಹದಿನಾರು ಗುರುತು. ತಪ್ಪಾದರೆ ಕಿತ್ತು ತಿರುಗಿಸಿದರಾಯಿತು, ಅಳಿಸುವ ರಬ್ಬರ್ ಕೂಡ ಬೇಡ.

ಇನ್ನೊಂದು ಸಾಧನ ನಿಮಗೆ ಪರಿಚಿತವಾದ ಮಣಿಚೌಕಟ್ಟು. ಸಾಮಾನ್ಯ ಚೌಕಟ್ಟಿನಲ್ಲಿ ಬೆರಳು ತಾಗಿದರೆ ಮಣಿ ಜಾರಿ ಲೆಕ್ಕ ಕೆಡುತ್ತದೆ. ಸ್ವತಃ ದೃಷ್ಟಿಹೀನರಾಗಿದ್ದ ಅಮೆರಿಕದ ಟಿಮ್ ಕ್ರಾನ್ಮರ್ 1962ರಲ್ಲಿ ಜಪಾನಿನ ಮಣಿಚೌಕಟ್ಟನ್ನೇ ತೆಗೆದುಕೊಂಡು, ಮಣಿಗಳ ಕೆಳಗೆ ಮೆತ್ತನೆಯ ಬಟ್ಟೆ ಹಾಸಿದರು. ಮಣಿ ಇಟ್ಟಲ್ಲೇ ನಿಂತಿತು. ಪ್ರತಿ ಕಂಬಿಯಲ್ಲಿ ಮೇಲೆ ಒಂದು ಮಣಿ, ಅದರ ಬೆಲೆ 5. ಕೆಳಗೆ ನಾಲ್ಕು, ಒಂದೊಂದಕ್ಕೂ ಬೆಲೆ 1. 7 ಬೇಕಾದರೆ ಮೇಲಿನ ಒಂದು, ಕೆಳಗಿನ ಎರಡು ಮಣಿಗಳನ್ನು ನಡುಪಟ್ಟಿಗೆ ಸರಿಸಬೇಕು.

ಈಗ ಫೋನು, ಕಂಪ್ಯೂಟರುಗಳು ಓದಿ ಹೇಳುತ್ತವೆ, ಮಾತಾಡುವ ಕ್ಯಾಲ್ಕುಲೇಟರೂ ಉಂಟು. ಆದರೂ ಕಿವಿಯೊಂದೇ ಸಾಲದು. "ಎರಡು ಕೂಡಿಸು ಮೂರು ಗುಣಿಸು ನಾಲ್ಕು" ಎಂದು ಗೆಳೆಯನಿಗೆ ಓದಿ ಹೇಳಿ. ಉತ್ತರ 14. ಪುಸ್ತಕದಲ್ಲಿ (2+3)×4 ಎಂದಿದ್ದರೆ ಉತ್ತರ 20. ಆವರಣ ಕಿವಿಗೆ ಬೀಳುವುದಿಲ್ಲ! ಆದ್ದರಿಂದ "ಆವರಣ ಆರಂಭ", "ಆವರಣ ಮುಕ್ತಾಯ" ಎಂದು ಬಾಯಿಬಿಟ್ಟು ಹೇಳಬೇಕು.

ರೇಖಾಗಣಿತಕ್ಕೆ ಉಬ್ಬು ಚಿತ್ರ ಬೇಕು. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳನ್ನು ಮುಟ್ಟಿ ನೋಡಿದ್ದೀರಾ? ಒಡವೆಗಳು ಮೈಮೇಲೆ ಉಬ್ಬಿರುತ್ತವೆ. ಅದೇ ಉಪಾಯ ಇಲ್ಲೂ ನಡೆಯುತ್ತದೆ. ರಟ್ಟಿನ ಮೇಲೆ ಅಂಟು ಸವರಿ ದಪ್ಪ ದಾರ ಅಂಟಿಸಿದರೆ ತ್ರಿಭುಜ ಬೆರಳಿಗೆ ಸಿಗುತ್ತದೆ.

ಈ ಸಾಧನಗಳು ಯಾರೋ ಕೊಡುವ ದಾನವಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು. ನಿಮ್ಮ ತರಗತಿಯಲ್ಲಿ ಅಂಥ ಗೆಳೆಯರಿದ್ದರೆ ಗುರುಗಳಿಗೆ ಹೇಳಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ, ವಿಚಾರಿಸಬೇಕಾದದ್ದು ಅಲ್ಲಿ.

ಮಾಡಿ ನೋಡಿ

ಮೊಟ್ಟೆ ಇಡುವ ರಟ್ಟಿನ ತಟ್ಟೆಯಿಂದ ಆರು ಗುಳಿಗಳ ತುಂಡುಗಳನ್ನು ಕತ್ತರಿಸಿಕೊಳ್ಳಿ. ಎಡಸಾಲು ಮೇಲಿನಿಂದ 1, 2, 3. ಬಲಸಾಲು 4, 5, 6. ಚುಕ್ಕಿ ಇರುವ ಕಡೆ ಹುಣಸೆ ಬೀಜ ಇಡಿ. ಮುಂದೆ ಬರುವುದು ಸಂಖ್ಯೆ ಎಂದು ತಿಳಿಸಲು ಮೊದಲ ತುಂಡಿನಲ್ಲಿ 3, 4, 5, 6 ತುಂಬಿ. ಆಮೇಲೆ ಅಂಕಿಗಳು ಹೀಗೆ:

ಒಂದು: 1
ಎರಡು: 1, 2
ಮೂರು: 1, 4
ನಾಲ್ಕು: 1, 4, 5
ಐದು: 1, 5
ಆರು: 1, 2, 4
ಏಳು: 1, 2, 4, 5
ಎಂಟು: 1, 2, 5
ಒಂಬತ್ತು: 2, 4
ಸೊನ್ನೆ: 2, 4, 5

ಗಿರಣಿಗೆ ಬಂದ ಒಟ್ಟು ಚೀಲಗಳ ಸಂಖ್ಯೆಯನ್ನು ಬೀಜಗಳಲ್ಲಿ ಬರೆದು, ಪಕ್ಕದವರಿಗೆ ಕಣ್ಣು ಮುಚ್ಚಿ ಓದಲು ಕೊಡಿ.