ಕಡಲಾಚೆ ಓದುವವರ ಆರೋಗ್ಯ ವಿಮೆ: ದೂರು ಕೊಡುವುದು ಎಲ್ಲಿ?

ಹೈದರಾಬಾದಿನ ಅಮೀರ್‌ಪೇಟೆಯ ಕನ್ಸಲ್ಟೆನ್ಸಿಗಳಲ್ಲಿ ವೀಸಾ, ಬ್ಯಾಂಕ್ ಸಾಲ, ವಿಮಾನದ ಟಿಕೆಟ್ ಎಲ್ಲ ಮುಗಿದ ಮೇಲೆ ಆರೋಗ್ಯ ವಿಮೆಯ ಮಾತು ಬರುತ್ತದೆ. ಕಾಚಿಗುಡದ ಕನ್ನಡ ಮನೆಯವರಿರಲಿ, ಬೀದರ್, ಕಲಬುರಗಿಯಿಂದ ಬಂದವರಿರಲಿ, ಹೆತ್ತವರು ಕೇಳುವುದು ‘ಯಾವುದು ಅಗ್ಗ?’ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಈ ಪಾಲಿಸಿಯನ್ನು ಅಲ್ಲಿನ ವಿಶ್ವವಿದ್ಯಾಲಯ ಒಪ್ಪುತ್ತದೆಯೇ? ನಾಳೆ ಕ್ಲೇಮ್ ತಿರಸ್ಕರಿಸಿದರೆ ಯಾರ ಬಳಿ ನ್ಯಾಯ ಕೇಳಬೇಕು?

ಕೆಲವು ದೇಶಗಳಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿಲ್ಲ. ಬ್ರಿಟನ್ನಿಗೆ ಹೋಗುವ ವಿದ್ಯಾರ್ಥಿ 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್ಚಾರ್ಜನ್ನು ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ಆಸ್ಟ್ರೇಲಿಯಾದಲ್ಲಿ ವೀಸಾ ಅವಧಿಗೆ ಅಲ್ಲಿನದೇ ವಿದ್ಯಾರ್ಥಿ ವಿಮೆ ಬೇಕು. ಗೊಂದಲವಿರುವುದು ಅಮೆರಿಕದ ವಿಷಯದಲ್ಲಿ. ಎಫ್-1 ವೀಸಾದವರಿಗೆ ಅಲ್ಲಿನ ಕೇಂದ್ರ ಸರಕಾರ ವಿಮೆಯನ್ನು ಕಡ್ಡಾಯ ಮಾಡಿಲ್ಲ, ವಿಶ್ವವಿದ್ಯಾಲಯದ್ದೇ ನಿಯಮ. ಜೆ-1 ವೀಸಾದವರಿಗೆ ಮಾತ್ರ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1 ಲಕ್ಷ ಡಾಲರ್ ರಕ್ಷಣೆ ಕಡ್ಡಾಯ. ಅನೇಕ ವಿಶ್ವವಿದ್ಯಾಲಯಗಳು ತಮ್ಮದೇ ವಿಮೆಯ ಹಣವನ್ನು ಫೀಸಿನಲ್ಲಿ ಸೇರಿಸಿಬಿಡುತ್ತವೆ. ಭಾರತದ ಪಾಲಿಸಿ ತೋರಿಸಿ ವಿನಾಯಿತಿ ಪಡೆಯಬೇಕಾದರೆ ಅವರ ಷರತ್ತು ಒಂದೊಂದೂ ಹೊಂದಬೇಕು, ಗಡುವಿನೊಳಗೆ ಅರ್ಜಿ ಹಾಕಬೇಕು. ಗಡುವು ತಪ್ಪಿದರೆ ಎರಡೆರಡು ವಿಮೆಗೆ ಹಣ ಕಟ್ಟಬೇಕಾದೀತು. ಆದ್ದರಿಂದ ವಿಶ್ವವಿದ್ಯಾಲಯದ ಒಪ್ಪಿಗೆ ಇಮೇಲ್‌ನಲ್ಲಿ ಬಂದ ಮೇಲೆಯೇ ಇಲ್ಲಿ ಪ್ರೀಮಿಯಂ ಕಟ್ಟಿ.

ವಿದೇಶಿ ಪಾಲಿಸಿಯ ತಕರಾರಿಗೆ ಸಾಮಾನ್ಯವಾಗಿ ಆ ದೇಶದಲ್ಲೇ ಪರಿಹಾರ ಹುಡುಕಬೇಕು. ಇಲ್ಲಿನ ಕಂಪನಿಯಿಂದ ಕೊಂಡದ್ದಕ್ಕೆ ಭಾರತದ ಕಾನೂನಿನ ಬೆಂಬಲವಿದೆ. ಈ ಬೆಂಬಲ ಸಣ್ಣದಲ್ಲ. 2009ರಲ್ಲಿ ವಿದೇಶ ಪ್ರಯಾಣದ ಮೆಡಿಕ್ಲೇಮ್ ಪಾಲಿಸಿ ಮಾಡಿಸಿ ಅಮೆರಿಕಕ್ಕೆ ಹೋದವರೊಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೃದಯಾಘಾತವಾಯಿತು. ಹಳೆಯ ಕಾಯಿಲೆ ಮುಚ್ಚಿಟ್ಟರೆಂದು ಕಂಪನಿ ಹಣ ಕೊಡಲಿಲ್ಲ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ನಿರಾಕರಣೆ ಕಾನೂನುಬಾಹಿರವೆಂದಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಬಿ.ವಿ. ನಾಗರತ್ನ. ಅರ್ಜಿಯಲ್ಲಿ ತಿಳಿಸಿದ್ದ ಕಾಯಿಲೆಯನ್ನೇ ನೆಪ ಮಾಡಿ, ಪಾಲಿಸಿ ಕೊಟ್ಟ ಮೇಲೆ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಮಗಳಿಗೆ ಆಸ್ತಮಾ, ಮಗನಿಗೆ ಥೈರಾಯ್ಡ್ ಇದ್ದರೆ ಏಜೆಂಟ್ ಬೇಡವೆಂದರೂ ಬರೆಯಿರಿ. ಬರೆದದ್ದೇ ನಿಮಗೆ ಸಾಕ್ಷಿ.

ಕ್ಲೇಮ್ ತಿರಸ್ಕೃತವಾದರೆ ಯಾವ ಷರತ್ತಿನಡಿ ಎಂಬುದನ್ನು ಬರಹದಲ್ಲಿ ಕೇಳಿ. ಮೊದಲ ದೂರು ಕಂಪನಿಗೇ. ವಿಮಾ ನಿಯಂತ್ರಣ ಪ್ರಾಧಿಕಾರದ ಕೇಂದ್ರ ಕಚೇರಿ ಹೈದರಾಬಾದಿನಲ್ಲೇ ಇದೆ. ಅದರ ‘ಬಿಮಾ ಭರೋಸಾ’ ಪೋರ್ಟಲ್ ಅಥವಾ 155255 ಸಂಖ್ಯೆಯಲ್ಲಿ ದೂರು ದಾಖಲಿಸಬಹುದು. ಆದರೆ ಪ್ರಾಧಿಕಾರ ಕ್ಲೇಮಿನ ಬಗ್ಗೆ ತೀರ್ಪು ಕೊಡುವುದಿಲ್ಲ. ಆ ಕೆಲಸ ವಿಮಾ ಓಂಬುಡ್ಸ್‌ಮನ್‌ರದು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರ ಗೊಡವೆಯೂ ಇಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ, ಅವರ ಆದೇಶಕ್ಕೆ ಕಂಪನಿ ಬದ್ಧ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಮನೆ ಕಲಬುರಗಿಯಲ್ಲಿದ್ದು, ಪಾಲಿಸಿ ಕೊಟ್ಟ ಶಾಖೆ ಹೈದರಾಬಾದಿನಲ್ಲಿದ್ದರೆ ಬೆಂಗಳೂರು, ಹೈದರಾಬಾದ್ ಎರಡರಲ್ಲಿ ಒಂದು ಓಂಬುಡ್ಸ್‌ಮನ್ ಕಚೇರಿಯನ್ನು ನೀವು ಆರಿಸಿಕೊಳ್ಳಬಹುದು. ವಿದೇಶದಲ್ಲಿರುವ ವಿದ್ಯಾರ್ಥಿ ಆನ್‌ಲೈನಿನಲ್ಲೇ ದೂರು ಕೊಡಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ನಿಮ್ಮೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಪಾಲಿಸಿಯ ಮುಖ್ಯಾಂಶಗಳ ಮಾಹಿತಿ ಪತ್ರವನ್ನು ಸ್ಥಳೀಯ ಭಾಷೆಯಲ್ಲಿ ಕೇಳುವ ಹಕ್ಕು ಗ್ರಾಹಕರಿಗಿದೆ. ಕನ್ನಡದಲ್ಲೇ ಕೇಳಿ. ತುಂಬಿದ ಅರ್ಜಿ, ಪಾಲಿಸಿ, ರಸೀದಿಗಳ ಒಂದೊಂದು ಪ್ರತಿಯನ್ನು ಮಕ್ಕಳು ವಿಮಾನ ಹತ್ತುವ ಮೊದಲೇ ಮನೆಯಲ್ಲಿ ತೆಗೆದಿಟ್ಟುಕೊಳ್ಳಿ.