ಬೆರಳಚ್ಚಿಗೂ ಬೀಗ ಉಂಟು

2023ರಲ್ಲಿ ನಮ್ಮ ನೆರೆಕರೆಯ ಕೃಷಿಕರೊಬ್ಬರ ಖಾತೆಯಿಂದ ಹತ್ತು ಸಾವಿರ ರೂಪಾಯಿ ಮಾಯವಾಯಿತು. ಅಡಿಕೆ ಮಾರಿದ ಹಣ. "ಯಾರಿಗೂ ಓಟಿಪಿ ಹೇಳ್ಲಿಲ್ಲ ಅಣ್ಣಾ, ಒಂದು ಫೋನೂ ಬರ್ಲಿಲ್ಲ" ಎಂದರು. ಅವರು ಹೇಳಿದ್ದು ನಿಜವೇ. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಓಟಿಪಿ ಬೇಡ, ಕಾರ್ಡೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ಒಮ್ಮೆಗೆ 10,000 ರೂ. ವರೆಗೆ ತೆಗೆಯಬಹುದು. ಬ್ಯಾಂಕಿಗೆ ಹೋಗಲಾಗದ ಹಳ್ಳಿಯವರಿಗೆ ಅನುಕೂಲವಾಗಲೆಂದೇ ಮಾಡಿದ್ದು, ಅನುಕೂಲ ಆಗಿದೆ ಕೂಡ.

ಬೆರಳು ನಮ್ಮ ಕೈಯಲ್ಲೇ ಇದೆಯಲ್ಲ, ಕಳ್ಳನಿಗೆ ಹೇಗೆ ಸಿಕ್ಕಿತು? ಆ ವರ್ಷ ಮಂಗಳೂರಿನಲ್ಲಿ ಇಂಥ ಹಲವು ದೂರುಗಳು ದಾಖಲಾದವು. ಹಣ ಕಳಕೊಂಡವರಲ್ಲಿ ಹಲವರು ಸ್ವಲ್ಪ ಮುಂಚೆ ಆಸ್ತಿ ನೋಂದಣಿ ಮಾಡಿಸಿದವರು. ಜಾಗದ ಪತ್ರದಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಟ್ಟಿಗೇ ಇದ್ದರೆ ಕಳ್ಳನಿಗೆ ಹುಡುಕುವ ಕಷ್ಟವೇ ಇಲ್ಲ. ಆ ಗುರುತಿನ ಚಿತ್ರದಿಂದ ರಬ್ಬರಿನಂಥ ಅಚ್ಚು ಮಾಡಿ ಯಂತ್ರಕ್ಕೆ ಒತ್ತುತ್ತಾರೆ. ಪಾಸ್‌ವರ್ಡ್ ಕಳ್ಳತನವಾದರೆ ಬದಲಾಯಿಸಬಹುದು. ಬೆರಳನ್ನು ಏನು ಮಾಡುವುದು ಮಾರಾಯ್ರೆ? (ತಮಾಷೆಯೆಂದರೆ, ಬೋರ್ಡೋ ಕಲಸಿ, ಅಡಿಕೆ ಸುಲಿದು ಸವೆದ ನಮ್ಮ ನಿಜವಾದ ಬೆರಳನ್ನು ರೇಶನ್ ಅಂಗಡಿಯ ಯಂತ್ರ ಎಷ್ಟೋ ಸಲ ಒಪ್ಪುವುದೇ ಇಲ್ಲ.)

ಬದಲಾಯಿಸಲಾಗದಿದ್ದರೂ ಬೀಗ ಹಾಕಬಹುದು. ಮೈಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಓಟಿಪಿ ಕೊಟ್ಟು ಒಳಹೋದರೆ ಬಯೋಮೆಟ್ರಿಕ್ ಲಾಕ್ ಎಂಬುದು ಸಿಗುತ್ತದೆ. ಖರ್ಚಿಲ್ಲ. ಲಾಕ್ ಆದ ಮೇಲೆ ನಮ್ಮ ಬೆರಳನ್ನು ನಾವೇ ಒತ್ತಿದರೂ ನಡೆಯದು. ರೇಶನ್ನಿಗೆ, ಪಿಎಂ ಕಿಸಾನ್ ಇ-ಕೆವೈಸಿಗೆ ಬೆರಳು ಕೊಡುವ ದಿನ ತಾತ್ಕಾಲಿಕವಾಗಿ ತೆರೆಯಬೇಕು, ಹತ್ತು ನಿಮಿಷದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕ್ಯೂನಲ್ಲಿ ನಮ್ಮ ಸರದಿ ಹತ್ತಿರ ಬಂದಾಗಲೇ ತೆರೆಯಿರಿ. ನೆಟ್‌ವರ್ಕ್ ಇಲ್ಲದ ಊರಲ್ಲಿ ಇದು ತಲೆನೋವೇ, ಸುಳ್ಳು ಹೇಳುವುದಿಲ್ಲ. ಅದೇ ತಾಣದಲ್ಲಿ ಹಿಂದಿನ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಪಟ್ಟಿಯೂ ಇದೆ. ಒಮ್ಮೆ ನೋಡಿ.

ಕಂಡ ಕಂಡಲ್ಲಿ ಆಧಾರ್ ಜೆರಾಕ್ಸ್ ಕೊಡುವ ಅಭ್ಯಾಸ ನಮ್ಮದು. ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಸಂಖ್ಯೆಯ ಬದಲು ಕೊಡುವ 16 ಅಂಕಿಗಳ ವರ್ಚುವಲ್ ಐಡಿ 2018ರಿಂದ ಇದೆ. ಇದನ್ನು ಬೇಕೆಂದಾಗ ಬದಲಿಸಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದು ಈ ಆಧಾರ್ ವಿಷಯದಲ್ಲೇ. ದಾವೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಣ ಹೋದ ಸಂದೇಶ ಕಂಡರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಪ್ಪು ನಮ್ಮದಲ್ಲದಿದ್ದು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕನದ್ದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ನೆರೆಯವರು ಸಂದೇಶ ನೋಡಿದ್ದೇ ಹನ್ನೆರಡು ದಿನ ಕಳೆದು. ಆಧಾರಿಗೆ ಜೋಡಿಸಿದ್ದ ಮೊಬೈಲ್ ನಂಬರೂ ಬೆಂಗಳೂರಲ್ಲಿರುವ ಮಗನದ್ದು. ಈಗ ಆಧಾರ್ ಕೇಂದ್ರಕ್ಕೆ ಹೋಗಿ ತಮ್ಮದೇ ನಂಬರು ಹಾಕಿಸಿ, ಬೀಗ ಹಾಕಿ ಬಂದಿದ್ದಾರೆ.